ಕಾವಲು ವೈರಸ್ಸು, ಶಿವಗಂಗಮ್ಮನ ಕೈಗುಣ

"ಕಳ್ಳನನ್ನೇ ಕಾವಲಿಗೆ ನಿಲ್ಲಿಸಿದರೆ ಹೇಗೆ?" ಎಂದು ವಿಜ್ಞಾನಿ ಸುಗುಣ ಒಂದು ಸಭೆಯಲ್ಲಿ ಕೇಳಿದಾಗ ಮಾವಿನಗುಡ್ಡದ ಗೆಡ್ಡೆ ಬೆಳೆ ಕೇಂದ್ರದ ಹಿರಿಯರೆಲ್ಲ ನಕ್ಕಿದ್ದರು. ನಕ್ಕು ಮುಗಿದ ಮೇಲೆ ಅವಳ ಪ್ರಯೋಗಕ್ಕೆ ಹುಳ ಹೊಗದಂತೆ ಬಲೆ ಹೊದಿಸಿದ ಒಂದು ಬಲೆಮನೆ ಕಟ್ಟಿಸಿಕೊಟ್ಟರು. ದೊಡ್ಡವರ ಬುದ್ಧಿ ಹಾಗೆಯೇ, ಮೊದಲು ನಗಬೇಕು, ಆಮೇಲೆ ತಮ್ಮದೇ ಯೋಚನೆ ಎನ್ನಬೇಕು.

ಕಳ್ಳ ಎಂದರೆ ಆಲೂಗೆಡ್ಡೆಯ ಎಕ್ಸ್ ವೈರಸ್. ಹಾಸನದ ಸುತ್ತಿನ ಹೊಲಗಳಿಗೆ ಅದು ಹೊಸದಲ್ಲ. ಗಿಡವನ್ನು ಕೊಲ್ಲುವುದಿಲ್ಲ. ಎಲೆಯ ಮೇಲೆ ತಿಳಿಹಸಿರು ಮಚ್ಚೆ ಎಬ್ಬಿಸಿ, ಫಸಲಿನಲ್ಲಿ ಒಂದು ಪಾಲು ಕದ್ದು, ಗೆಡ್ಡೆಯೊಳಗೆ ತೆಪ್ಪಗೆ ಕೂತು ಮುಂದಿನ ವರ್ಷಕ್ಕೆ ದಾಟುತ್ತದೆ. ಗಾಳಿಯಲ್ಲಿ ಹಾರುವುದಿಲ್ಲ, ಗಿಡಹೇನಿನ ಬಾಯಿಗೂ ಹತ್ತುವುದಿಲ್ಲ. ಸೋಂಕಿದ ಗಿಡದ ರಸ ಇನ್ನೊಂದರ ಗಾಯಕ್ಕೆ ತಾಗಬೇಕು, ಆಗ ಮಾತ್ರ ಹರಡುತ್ತದೆ. ಸುಗುಣ ಈ ಕಳ್ಳನ ಹಲ್ಲು ಕಿತ್ತು, ಬೆನ್ನಿಗೆ ಕಾಡು ಆಲೂಗೆಡ್ಡೆಯ ಒಂದು ಜೀನ್ ಕಟ್ಟಿದಳು. ಅದು ಒಳಹೊಕ್ಕ ಗಿಡ ಅಂಗಮಾರಿ ರೋಗ ಬರುವ ಮೊದಲೇ ಎಚ್ಚರವಾಗಿರುತ್ತದೆ. ನಾಲ್ಕು ದಿನ ಮೋಡ ಕವಿದರೆ ಇಡೀ ಹೊಲ ಸುಟ್ಟಂತೆ ಕಪ್ಪಾಗುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಹೊಸ ವೈರಸ್ಸಿಗೆ ಕಾವಲು ಎಂದು ಹೆಸರಿಟ್ಟರು.

ಬಲೆಮನೆಯಲ್ಲಿ ಮೊದಲ ವರ್ಷ ಕಾವಲು ಭೇಷಾಗಿ ಕೆಲಸ ಮಾಡಿತು. ಅದೇ ಗೆಡ್ಡೆಗಳಿಂದ ಬೆಳೆಸಿದ ಎರಡನೆಯ ವರ್ಷದ ಗಿಡಗಳು ಮೇ ತಿಂಗಳ ಈ ಬೆಳಿಗ್ಗೆ ಅವಳ ಕಣ್ಣೆದುರಿಗೇ ಸಾಯುತ್ತಿದ್ದವು. ಎಲೆಗಳು ಮುದುಡಿ ಸುಕ್ಕಾಗಿದ್ದವು. ಒಂದು ಗಿಡವನ್ನು ಕಿತ್ತರೆ ಬೇರಿನಲ್ಲಿ ಗೋಲಿಯಷ್ಟು ಗೆಡ್ಡೆ.

"ಇದು ವೈ ಸೇರಿಸಿದ ಸಾಲು, ಅಲ್ವಾ?" ಎಂದು ಸುಗುಣ ಕೇಳಿದಳು.

"ಹೌದು ಮೇಡಂ," ಎಂದಳು ಅರೀಫಾ. ಕೇಂದ್ರದಲ್ಲಿ ಅವಳ ಕೈಕೆಳಗಿನ ವಿಜ್ಞಾನಿ, ಸುಮ್ಮಸುಮ್ಮನೆ ಮುಖ ಸಪ್ಪಗೆ ಮಾಡುವವಳಲ್ಲ.

ವೈ ಇನ್ನೊಂದು ಆಲೂಗೆಡ್ಡೆ ವೈರಸ್. ಉತ್ತರದಿಂದ ಬರುವ ಬಿತ್ತನೆ ಗೆಡ್ಡೆಯಲ್ಲಿ ಅಲ್ಲೊಂದು ಇಲ್ಲೊಂದು ಅಡಗಿ ಬಂದು, ಗಿಡಹೇನುಗಳ ಮೂಲಕ ಹೊಲದಿಂದ ಹೊಲಕ್ಕೆ ಹೋಗುತ್ತದೆ. ಎಕ್ಸ್ ಒಂದೇ ಇದ್ದರೆ ರೈತ ಬದುಕುತ್ತಾನೆ, ವೈ ಒಂದೇ ಇದ್ದರೂ ಹೇಗೋ ಬದುಕುತ್ತಾನೆ. ಎರಡೂ ಒಂದೇ ಗಿಡದಲ್ಲಿ ಕೂಡಿದರೆ ಒಂದಕ್ಕೊಂದು ಕುಮ್ಮಕ್ಕು ಕೊಟ್ಟು ಗಿಡವನ್ನು ಹಿಂಡಿಹಾಕುತ್ತವೆ. ಸುಗುಣ ಕಿತ್ತಿದ್ದ ಹಲ್ಲು ಇದೇ. ಕಾವಲು ವೈರಸ್ಸು ವೈ ಜೊತೆ ಕೈಜೋಡಿಸದಂತೆ ಅವಳು ತಿದ್ದಿದ್ದಳು. ಮೊದಲ ವರ್ಷ ಅದು ಕೈಜೋಡಿಸಲೂ ಇಲ್ಲ.

"ಕಟ್ಟಿದ್ದ ಜೀನನ್ನ ಬಿಸಾಕಿದೆ ಮೇಡಂ. ಒಂದು ವರ್ಷ ಗೆಡ್ಡೆಯೊಳಗೆ ಕೂತು ಹೊರೆಯೆಲ್ಲ ಇಳಿಸಿಬಿಟ್ಟಿದೆ. ಹಳೇ ಹಲ್ಲೂ ಮತ್ತೆ ಬಂದಿದೆ."

ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದು. ಸುಗುಣಳಿಗೆ ದುಃಖವಾಯಿತು, ಆದರೆ ಭಯವಾಗಲಿಲ್ಲ. "ಹೋಗಲಿ ಬಿಡು. ಬಲೆಮನೆ ಒಳಗೇ ಇದೆಯಲ್ಲ. ಇವತ್ತೇ ಎಲ್ಲ ಸುಟ್ಟುಬಿಡೋಣ," ಎಂದಳು.

ಅರೀಫಾ ಅಲ್ಲಾಡಲಿಲ್ಲ. "ಆ ಕೊನೇ ಸಾಲು ನೋಡಿ ಮೇಡಂ."

ಕೊನೆಯ ಸಾಲಿನಲ್ಲಿ ಕಾವಲು ಇರಲೇಬಾರದು. ಹೋಲಿಸಿ ನೋಡಲು ಬೇಕೆಂದು ಸುಗುಣಳೇ ತನ್ನ ಗಂಡನ ಊರು ಬಾಗನಹಳ್ಳಿಯಿಂದ, ಅತ್ತೆ ಶಿವಗಂಗಮ್ಮನ ಹೊಲದಿಂದ ಒಂದು ಬುಟ್ಟಿ ಗೆಡ್ಡೆ ತಂದು ನೆಟ್ಟ ಸಾಲು ಅದು. ವೈ ಒಂದನ್ನೇ ಪಡೆದ ಆ ಗಿಡಗಳು ಸ್ವಲ್ಪ ಬಾಡಿದರೆ ಸಾಕಿತ್ತು. ಅವೂ ಸುಕ್ಕಾಗಿ ಕುಸಿದಿದ್ದವು. ಅರೀಫಾ ಎಲೆ ಹಿಂಡಿ, ರಸವನ್ನು ಪರೀಕ್ಷೆಯ ಪಟ್ಟಿಗೆ ಹಾಕಿದ್ದಳು. ಕಾವಲು ವೈರಸ್ಸಿನ ಕವಚದ ಮೇಲೆ ಸುಗುಣ ಕೂರಿಸಿದ್ದ ಗುರುತು ಸಿಕ್ಕರೆ ಮಾತ್ರ ಅದರಲ್ಲಿ ಎರಡನೆಯ ಗೆರೆ ಮೂಡುತ್ತದೆ. ಮೂಡಿತ್ತು. ಹೊಸ ಪಟ್ಟಿಯಲ್ಲೂ ಮೂಡಿತ್ತು. ಬುಟ್ಟಿಯಲ್ಲಿ ಉಳಿದ ಗೆಡ್ಡೆಗಳ ಮೊಳಕೆಯಲ್ಲೂ ಮೂಡಿತ್ತು.

"ನಿಮ್ಮೂರಿಗೆ ಹೇಗೆ ಹೋಯ್ತು ಮೇಡಂ? ಇದು ಹಾರಲ್ಲ, ಹೇನಲ್ಲಿ ಬರಲ್ಲ. ಚಾಕುವಿನಲ್ಲೋ ಕೈಯಲ್ಲೋ ಹೋಗಬೇಕು."

ಯಾರ ಕೈ, ಯಾವ ಚಾಕು ಎಂದು ಸುಗುಣಳಿಗೆ ಗೊತ್ತಾಗಿತ್ತು. ಈಗ ಭಯವಾಯಿತು.

ಬಾಗನಹಳ್ಳಿಯ ಕಡೆ ಬಿತ್ತನೆ ಆಲೂಗೆಡ್ಡೆಯನ್ನು ಮೊಳಕೆ ಬರುವ ಕಣ್ಣಿಗೊಂದು ಹೋಳಿನಂತೆ ಕೊಯ್ದು ನೆಡುತ್ತಾರೆ. ಕೊಯ್ಯಲು ಮುಯ್ಯಾಳುಗಳಾಗಿ ಹೆಂಗಸರು ಸೇರುತ್ತಾರೆ, ಇವತ್ತು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು. ಮೊದಲ ಗೆಡ್ಡೆಯನ್ನು ಮಾತ್ರ ಕೈಗುಣ ಇದ್ದವಳೇ ಕೊಯ್ಯಬೇಕು. ಅವಳು ತಲೆಗೆ ನೀರು ಹಾಕಿಕೊಂಡ ಗಳಿಗೆಯಿಂದ ಆ ಗೆಡ್ಡೆ ಎರಡಾಗುವವರೆಗೆ ಮಾತಾಡುವಂತಿಲ್ಲ. ಕೊಯ್ದ ಮೇಲೆ ಉಳಿದ ಹೆಂಗಸರು ತಂತಮ್ಮ ಚಾಕುವಿನ ಮೊನೆಯನ್ನು ಆ ಹೋಳಿಗೆ ಒಮ್ಮೆ ಚುಚ್ಚಿಕೊಳ್ಳುತ್ತಾರೆ, ಕೈಗುಣ ಎಲ್ಲರಿಗೂ ಹಂಚಲಿ ಎಂದು. ಕೈಗುಣದ ಚಾಕುವನ್ನು ನೆಡುವ ಕಾಲ ಮುಗಿಯುವ ತನಕ ತೊಳೆಯುವುದಿಲ್ಲ. ತೊಳೆದರೆ ಗುಣವೂ ನೀರಲ್ಲಿ ಹೋಗುತ್ತದಂತೆ.

ಶಿವಗಂಗಮ್ಮನಿಗೆ ಆ ಕೈಗುಣವಿತ್ತು. ಮಗ ಯೋಗೀಶ ಇನ್ನೂ ತೊಟ್ಟಿಲಲ್ಲಿದ್ದಾಗ ಗಂಡ ತೀರಿಕೊಂಡಿದ್ದ. ಆ ಮೇಲೆ ಮದುವೆ ಮುಂಜಿಗಳಲ್ಲಿ ಅವಳು ಕಂಬದ ಹಿಂದೆ ನಿಲ್ಲುವವಳು. ಒಂದು ವರ್ಷ ಯಾರದೋ ಮನೆಯಲ್ಲಿ ಮೊದಲ ಗೆಡ್ಡೆ ಕೊಯ್ಯಬೇಕಾದವಳು ಬರಲಿಲ್ಲ, ಹೊತ್ತು ಮೀರುತ್ತದೆಂದು ಇವಳ ಕೈಗೆ ಕೊಟ್ಟರು, ಆ ವರ್ಷ ಬೆಳೆ ಹೊರಲಾರದಷ್ಟು ಬಂತು. ಅಂದಿನಿಂದ ಆರತಿ ತಟ್ಟೆ ಮುಟ್ಟಲು ಬಿಡದ ಊರು ಚಾಕುವನ್ನು ಮಾತ್ರ ಅವಳ ಕೈಗಿಟ್ಟಿತು. ಊರುಗಳ ನ್ಯಾಯ ಹೀಗೇ ಇರುತ್ತದೆ, ಕೇಳುವವರಿಲ್ಲ.

ಹೋದ ವರ್ಷ ಬಲೆಮನೆಯಲ್ಲಿ ಕಾವಲು ಗೆಡ್ಡೆ ನೆಡುವಾಗ ಸುಗುಣ ಹೆಮ್ಮೆಯಿಂದ ಅತ್ತೆಯನ್ನು ಕರೆಸಿ ಮೊದಲ ಗೆಡ್ಡೆ ಕೊಯ್ಯಿಸಿದ್ದಳು. ಕೇಂದ್ರದ ನಿಯಮದಂತೆ ಅರೀಫಾ ಚಾಕು ಅದ್ದಲು ಬ್ಲೀಚಿನ ಬಟ್ಟಲು ತಂದಾಗ, "ಇದೊಂದು ಬೇಡ, ಅತ್ತೆಗೆ ಬೇಜಾರಾಗುತ್ತೆ," ಎಂದವಳೂ ಸುಗುಣಳೇ. ಶಿವಗಂಗಮ್ಮ ಚಾಕುವನ್ನು ಸೆರಗಿನಲ್ಲಿ ಒರೆಸಿಕೊಂಡು ಬಸ್ಸು ಹತ್ತಿದ್ದಳು. ಆ ವಾರವೆಲ್ಲ ಸುತ್ತಿನ ಏಳೂರುಗಳಲ್ಲಿ ಮನೆಮನೆಗೆ ಹೋಗಿ ಕೊಯ್ದಿದ್ದಳು. ಆ ಮನೆಗಳ ಹೊಲಕ್ಕೆ ಅಂಗಮಾರಿ ಸುಳಿಯಲಿಲ್ಲ. ಅವಳ ಹೆಸರು ಏಳೂರಿಗೆ ಹಬ್ಬಿತು. ಅಂಥ ಬೆಳೆಯನ್ನು ಮಾರಬಾರದೆಂದು ಏಳೂರಿನವರೂ ಈ ಸಲ ಬೀಜಕ್ಕೆ ಉಳಿಸಿಕೊಂಡಿದ್ದರು. ಇವತ್ತು ಸೊಸೈಟಿಯ ಬೀಜದ ಮನೆಯಲ್ಲಿ ಎಲ್ಲರ ಗೆಡ್ಡೆಯನ್ನೂ ಒಟ್ಟಿಗೆ ಕೊಯ್ಯುವುದು, ಮೊದಲನೆಯದು ಶಿವಗಂಗಮ್ಮನದು ಎಂದು ನಿಶ್ಚಯವಾಗಿತ್ತು. ಸಾಲದ್ದಕ್ಕೆ ಉತ್ತರದ ಬೀಜವೂ ಒಂದು ಲಾರಿ ಬಂದಿತ್ತು. ಅದರಲ್ಲಿ ವೈ ಇರುವುದನ್ನು ಕೇಂದ್ರವೇ ಪರೀಕ್ಷಿಸಿ ಹೇಳಿತ್ತು. ಅದು ಪ್ರತಿ ವರ್ಷವೂ ಇರುವಷ್ಟೇ ಎಂದು ಯಾರೂ ತಲೆಕೆಡಿಸಿಕೊಂಡಿರಲಿಲ್ಲ.

ಚಾಕುಗಳಿಂದ ಕಾವಲು ಇಡೀ ರಾಶಿಗೆ ಹೋಗುತ್ತದೆ, ಹೇನಿನಿಂದ ವೈ ಇಡೀ ಬಯಲಿಗೆ ಹೋಗುತ್ತದೆ. ಸುಗುಣ ಗಂಡನಿಗೆ ಫೋನ್ ಮಾಡಿದಳು.

"ಅವ್ವ ನೀರ್ ಹಾಕ್ಕಂಡಾಯ್ತು, ಬೀಜದ ಮನೆತಾವ ಹೊಂಟವ್ರೆ," ಎಂದ ಯೋಗೀಶ. ಹಿಂದೆ ಟ್ರ್ಯಾಕ್ಟರುಗಳ ಸದ್ದು. "ಮಾತಾಡಲ್ಲ, ಗೊತ್ತಲ್ಲ ನಿಂಗೆ."

"ಕೊಯ್ಯೋದು ನಿಲ್ಲಿಸಿ. ಹೇಗಾದರೂ ನಿಲ್ಲಿಸಿ. ನಾನು ಬರ್ತಿದೀನಿ."

"ಏಳೂರ್ ಜನ ನಿಂತವ್ರೆ ಸುಗುಣ. ನಿಲ್ಲಿಸು ಅಂದ್ರೆ ಏನಂತ ನಿಲ್ಲಿಸ್ಲಿ?"

ಸುಗುಣ ಫೋನ್ ಇಟ್ಟಳು. ಪಟ್ಟಿಗಳ ಡಬ್ಬ ಹಿಡಿದುಕೊಂಡು ಜೀಪು ಹತ್ತಿದಳು. ಬಾಗನಹಳ್ಳಿಯ ದಾರಿಯುದ್ದಕ್ಕೂ ಮುಂಗಾರಿನ ಮೊದಲ ಹದಕ್ಕೆ ಉತ್ತ ಹೊಲಗಳು ಕೆಂಪಗೆ ಬಿದ್ದಿದ್ದವು. ಎಲ್ಲವೂ ಇವತ್ತಿನ ಹೋಳಿಗಾಗಿ ಕಾಯುತ್ತಿದ್ದವು.

ಬೀಜದ ಮನೆಯ ತಗಡಿನ ಸೂರಿನಡಿ ಗೆಡ್ಡೆಯ ರಾಶಿ ಎದೆಯುದ್ದಕ್ಕಿತ್ತು. ಗೋಣಿತಾಟಿನ ಮೇಲೆ ಸಾಲಾಗಿ ಕೂತ ಹೆಂಗಸರ ಮಡಿಲಲ್ಲಿ ಚಾಕುಗಳಿದ್ದವು. ನಡುವೆ ಮಣೆಯ ಮೇಲೆ ಶಿವಗಂಗಮ್ಮ. ಒದ್ದೆ ಕೂದಲು, ಮಡಿಸಿದ ತುಟಿ. ಇನ್ನೂ ಕೊಯ್ದಿರಲಿಲ್ಲ. ಸೊಸೆಯನ್ನು ಕಂಡು ಕಣ್ಣಲ್ಲೇ ನಕ್ಕಳು.

ಸುಗುಣ ಏದುಸಿರು ಬಿಡುತ್ತಲೇ ಹೇಳಿದಳು. ವೈರಸ್ಸು ಎಂದಳು, ಕೇಂದ್ರದಿಂದ ಹೊರಬಿದ್ದಿದೆ, ತಪ್ಪು ನನ್ನದು ಎಂದಳು. ಹೋದ ವರ್ಷದ ಬೆಳೆಯಿಂದ ಉಳಿಸಿಕೊಂಡ ಮನೆ ಬೀಜ ನೆಡಬೇಡಿ, ಊಟಕ್ಕೆ ಬಳಸಿ, ಮನುಷ್ಯರಿಗೆ ಏನೂ ಆಗುವುದಿಲ್ಲ. ಉತ್ತರದ ಬೀಜವನ್ನು ಕೊಯ್ಯದೆ ಇಡಿಯಾಗಿ ನೆಡಿ. ಅರ್ಧ ಹೊಲಕ್ಕೆ ಆಗುತ್ತದೆ, ಉಳಿದದ್ದಕ್ಕೆ ಜೋಳ ಹಾಕಿ.

ಜನ ಮುಖಮುಖ ನೋಡಿಕೊಂಡರು. ಅವಳು ರಾಶಿಯಿಂದ ಮೊಳಕೆ ಮುರಿದು, ಜಜ್ಜಿ, ಪಟ್ಟಿಗೆ ರಸ ಹಾಕಿ ಎಲ್ಲರಿಗೂ ತೋರಿಸಿದಳು. ಎರಡು ಗೆರೆ ಮೂಡಿತು.

"ಎಲ್ಡ್ ಗೆರೆ ಬಂದ್ರೆ ಬಸ್ರಿ ಅಂತಾರಲ್ಲವ್ವ," ಎಂದಳು ಸಾಲಿನಲ್ಲಿದ್ದ ಒಬ್ಬಳು. "ಆಲೂಗೆಡ್ಡೆಗೂ ದಿನ ತುಂಬೈತಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸೊಸೈಟಿ ಅಧ್ಯಕ್ಷ ಧರಣೇಂದ್ರಯ್ಯ ಮಾತ್ರ ನಗಲಿಲ್ಲ. ಅವರು ವಯಸ್ಸಾದವರು, ಯಾರ ಮಾತನ್ನೂ ಅರ್ಧಕ್ಕೆ ತುಂಡರಿಸುವವರಲ್ಲ.

"ಹೋದ್ವರ್ಷ ಈಯಮ್ಮ ಕೊಯ್ದ ಮನೆಗಳಲ್ಲಿ ಒಂದೆಲೆ ಕಪ್ಪಾಗ್ಲಿಲ್ಲ. ಅದೂ ನಿಮ್ ವೈರಸ್ಸೇ ಮಾಡಿದ್ದು ಅಂತೀರಾ?"

"ಹೌದು."

"ಈ ವರ್ಷ ಅದೇ ವೈರಸ್ಸು ಬೆಳೆ ಹಾಳ್ ಮಾಡ್ತದೆ ಅಂತೀರಾ?"

"ಹೌದು, ಅದು ಬದಲಾಗಿದೆ."

"ಹಂಗಾದ್ರೆ ಬರೋ ವರ್ಷ ಏನ್ ಮಾಡ್ತೀಯಪ್ಪ ಅಂತ ಅದನ್ನೇ ಕೇಳ್ಬೇಕಾಯ್ತದಲ್ಲವ್ವ." ಅವರು ಬೇಸರದಿಂದಲೇ ಹೇಳಿದರು. "ಕಣ್ಣಲ್ ಕಂಡ ಬೆಳೆ ಬುಟ್ಟು ಕಾಣ್ದೇ ಇರೋ ರೋಗ ನಂಬಿ ಅಂದ್ರೆ ಎಂಗೆ? ಅರ್ಧ ಹೊಲಕ್ಕೆ ಜೋಳ ಹಾಕು ಅಂತ ಯಾರ್ಗೆ ಹೇಳ್ಲಿ ನಾನು?"

ನ್ಯಾಯವಾದ ಪ್ರಶ್ನೆ. ವಿಜ್ಞಾನದಲ್ಲಿ ಅದಕ್ಕೆ ಉತ್ತರವಿತ್ತು, ಆದರೆ ಅದನ್ನು ತೋರಿಸಲು ಒಂದು ಬೆಳೆ ಸಾಯಬೇಕಿತ್ತು.

ಯೋಗೀಶ ಅವಳ ತೋಳು ಹಿಡಿದು ರಾಶಿಯ ಮರೆಗೆ ಎಳೆದುಕೊಂಡು ಹೋದ. "ಅವ್ವನ್ಗೆ ಇರೋದು ಇದೊಂದೇ ಕಣೆ," ಎಂದ. "ನಮ್ಮವ್ವನ ಕೈಯಿಂದ ರೋಗ ಬಂತು ಅಂತ ನೀನೇ ಹೇಳುದ್ರೆ, ನಾಳೆ ಯಾರ್ ಮನೆ ಬಾಗ್ಲಿಗೆ ಹೋಗ್ತಾಳೆ ಅವ್ಳು?"

"ನನಗೆ ಗೊತ್ತಿಲ್ವಾ?" ಎಂದಳು ಸುಗುಣ. ಗೊತ್ತಿತ್ತು. ಆದರೂ ತೋಳು ಬಿಡಿಸಿಕೊಂಡು ಬಂದು ಅತ್ತೆಯ ಮುಂದೆ ಮಂಡಿಯೂರಿ ಕೂತಳು.

"ಅತ್ತೆ, ನಿಮ್ಮ ಕೈಯದಲ್ಲ ತಪ್ಪು. ನಿಮ್ಮನ್ನ ಕರೆಸಿದವಳು ನಾನು. ಚಾಕು ಅದ್ದೋದು ಬೇಡ ಅಂದವಳೂ ನಾನು. ಆ ಚಾಕುವಿನಲ್ಲಿ ನನ್ನ ವೈರಸ್ಸು ಬಂತು. ಇವತ್ತು ನೀವು ಕೊಯ್ದು, ಇವರೆಲ್ಲ ತಮ್ಮ ಚಾಕು ಚುಚ್ಚಿಕೊಂಡರೆ ಏಳೂರಲ್ಲಿ ಒಂದು ಆಲೂಗೆಡ್ಡೆ ಉಳಿಯಲ್ಲ. ನನ್ನ ನಂಬಿ."

ಶಿವಗಂಗಮ್ಮ ಅವಳನ್ನು ನೋಡಿದಳು. ನಗು ಕಣ್ಣಿನಿಂದ ಹೋಗಿತ್ತು.

"ಹೊತ್ತು ಮೀರ್ತೈತೆ, ಕೊಯ್ಯವ್ವ," ಎಂದರು ಧರಣೇಂದ್ರಯ್ಯ.

ಅವಳು ರಾಶಿಯಿಂದ ಒಂದು ಗೆಡ್ಡೆ ಎತ್ತಿಕೊಂಡಳು. ಒಳ್ಳೆಯ ಗೆಡ್ಡೆ, ನಾಲ್ಕೈದು ಕಣ್ಣಿನದು. ಚಾಕುವಿನ ಅಲಗನ್ನು ಸಿಪ್ಪೆಯ ಮೇಲಿಟ್ಟಳು. ಹೆಂಗಸರು ತಮ್ಮ ಚಾಕುಗಳನ್ನು ಮುಂದಕ್ಕೆ ಚಾಚಿ ಕಾದರು. ಸುಗುಣಳಿಗೆ ಕೈ ಹಿಡಿದು ಚಾಕು ಕಿತ್ತುಕೊಳ್ಳಬೇಕು ಅನ್ನಿಸಿತು. ಕಿತ್ತುಕೊಂಡರೆ ತನ್ನನ್ನು ಹೊರಗೆ ನೂಕಿ ಇನ್ನೊಬ್ಬಳಿಂದ ಕೊಯ್ಯಿಸುತ್ತಾರೆ, ಅಷ್ಟೇ.

"ನಾ ಕೊಯ್ಯಲ್ಲ," ಎಂದಳು ಶಿವಗಂಗಮ್ಮ.

ಮೊದಲ ಗೆಡ್ಡೆ ಎರಡಾಗುವ ಮುನ್ನ ಅವಳು ಮಾತಾಡಿಬಿಟ್ಟಿದ್ದಳು.

"ಯಾಕಕ್ಕ ಬಾಯ್ಬುಟ್ಟೆ?" ಎಂದು ಪಕ್ಕದವಳು ಹೆದರಿ ಕೇಳಿದಳು.

"ನನ್ ಕೈಗುಣ ಹೋಗೈತೆ." ಶಿವಗಂಗಮ್ಮ ಎಲ್ಲರಿಗೂ ಕೇಳುವಂತೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಸುಮಾರ್ ದಿನದಿಂದ ಗೊತ್ತಿತ್ತು, ಹೇಳಕ್ಕೆ ಬಾಯ್ ಬರ್ನಿಲ್ಲ. ಕಾಲಿಟ್ಕಡೆ ಕೆಟ್ಟ ಶಕುನ. ಹೋದ್ವರ್ಷ ನಾ ಮುಟ್ಟಿದ್ ಬೀಜ ಎಲ್ಲಾ ಕೆಟ್ಟೈತೆ, ಮನೆ ಬೀಜ ಯಾರೂ ನಡಬ್ಯಾಡ್ರಿ. ನನ್ ಚಾಕು ತಾಕಿದ್ ಚಾಕುಗಳ್ನ ಕುದಿಯೋ ನೀರಿಗ್ ಹಾಕ್ರಿ. ಹೊರಗಿನ್ ಬೀಜಕ್ಕೆ ಚಾಕು ಸೋಕಿಸ್ಬ್ಯಾಡ್ರಿ, ಇಡಿಯಾಗಿ ನಡ್ರಿ. ನನ್ ಸೊಸೆ ಪಾಪ ವೈರಸ್ಸು ಗಿರಸ್ಸು ಅಂತಾಳೆ, ತಪ್ಪು ತನ್ದು ಅಂತಾಳೆ. ಅದೆಲ್ಲಾ ನನ್ ಮಾನ ಉಳಿಸಕ್ಕೆ. ಇರೋ ವಿಷ್ಯ ಇಷ್ಟೇ."

ಪಕ್ಕದವಳು ಗೋಣಿತಾಟಿನ ಮೇಲೆ ಸ್ವಲ್ಪ ಆಚೆ ಸರಿದಳು. ಚಾಚಿದ್ದ ಚಾಕುಗಳೆಲ್ಲ ಹಿಂದಕ್ಕೆ ಹೋದವು. ಇನ್ನೊಬ್ಬಳು, ಶಿವಗಂಗಮ್ಮನ ಮಣೆಗೆ ತಾಗುತ್ತಿದ್ದ ತನ್ನ ಸೆರಗನ್ನು ಎಳೆದುಕೊಂಡಳು. ಧರಣೇಂದ್ರಯ್ಯ ತಲೆಯ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. "ಮೊದ್ಲೇ ಹೇಳ್ಬಾರ್ದಾ ತಾಯಿ," ಎಂದು, ಆಳುಗಳ ಕಡೆ ತಿರುಗಿ ಮನೆ ಬೀಜದ ರಾಶಿಯನ್ನು ಹೊರಗೆ ಸಾಗಿಸಲು ಹೇಳಿದರು. ಯಾರೊಬ್ಬರೂ ಎದುರಾಡಲಿಲ್ಲ. ಸುಗುಣಳ ಪಟ್ಟಿಯ ಗೆರೆಗಳಿಂದ ಆಗದ ಕೆಲಸ ನೋಡನೋಡುತ್ತಿದ್ದಂತೆ ಆಗಿಹೋಯಿತು.

ಜೀಪಿನಲ್ಲಿ ಮನೆಗೆ ಹೋಗುವಾಗ ಶಿವಗಂಗಮ್ಮ ಒಂದೇ ಮಾತು ಕೇಳಿದಳು. "ನಿಜ ಹೇಳು. ಕೊಯ್ದಿದ್ರೆ ಹಾಳಾಗ್ತಿತ್ತಾ?"

"ಆಗ್ತಿತ್ತು ಅತ್ತೆ."

"ಹಂಗಾದ್ರೆ ಸರಿ ಬುಡು."

ಸುಗುಣ ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡೇ ಅತ್ತಳು. ಅತ್ತೆ ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ಬೀಜದ ಮನೆಯಿಂದ ತರಿಸಿದ ಗೆಡ್ಡೆಗಳನ್ನು ಅರೀಫಾ ಪರೀಕ್ಷಿಸಿದಾಗ ಮುಕ್ಕಾಲು ಪಾಲಿನಲ್ಲಿ ಎರಡನೆಯ ಗೆರೆ ಮೂಡಿತು. ಬಲೆಮನೆಯನ್ನು ಸುಟ್ಟರು. ಸುಗುಣ ನಡೆದದ್ದನ್ನು ಮೇಲಿನವರಿಗೆ ತಿಳಿಸಿದಳು, ವಿಚಾರಣೆಯಾಯಿತು, ಬಾಯಿಗೆ ಬಂದದ್ದನ್ನೆಲ್ಲ ಅನ್ನಿಸಿಕೊಂಡಳು. ಅದು ಅವಳಿಗೆ ಕಷ್ಟವಾಗಲಿಲ್ಲ. ಅನ್ನಿಸಿಕೊಳ್ಳಬೇಕಾದವಳು ತಾನೇ ಎಂದು ಅವಳಿಗೆ ಗೊತ್ತಿತ್ತು.

ಕಷ್ಟವಾದದ್ದು ಊರಿನಲ್ಲಿ. ಇಡಿಯಾಗಿ ನೆಟ್ಟ ಹೊಲಗಳು ಅರ್ಧವೇ ಆದರೂ ಚೆನ್ನಾಗಿ ಬಂದವು. ಒಬ್ಬ ಮಾತ್ರ ಆಸೆಗೆ ಬಿದ್ದು ಗುಟ್ಟಾಗಿ ಮನೆ ಬೀಜ ನೆಟ್ಟಿದ್ದ. ಆಷಾಢದ ಗಾಳಿಯಲ್ಲಿ ಅವನ ಗಿಡಗಳೆಲ್ಲ ಬಲೆಮನೆಯಲ್ಲಿ ಆದಂತೆಯೇ ಸುಕ್ಕಾಗಿ ಮುದುಡಿದವು. ಏಳೂರಿನವರೂ ಬಂದು ಬದುವಿನ ಮೇಲೆ ನಿಂತು ನೋಡಿಕೊಂಡು ಹೋದರು. ವಿಜ್ಞಾನಕ್ಕೆ ಬೇಕಾಗಿದ್ದ ಪುರಾವೆ ಅಷ್ಟು ಸ್ಪಷ್ಟವಾಗಿ ಎಲ್ಲರ ಕಣ್ಣಿಗೂ ಬಿತ್ತು. ನೋಡಿದವರು ಹೇಳಿದ್ದು ಒಂದೇ: ಶಿವಗಂಗಮ್ಮ ಮುಟ್ಟಿದ ಬೀಜ.

ಸುಗುಣ ಮನೆಮನೆಗೆ ಹೋದಳು. ವೈರಸ್ಸು ನನ್ನದು, ಅತ್ತೆಯ ಕೈಗೆ ಏನೂ ಆಗಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಅವರು ಕಾಫಿ ಕೊಟ್ಟರು, ತಲೆದೂಗಿದರು, "ಅತ್ತೆಗೋಸ್ಕರ ಇಷ್ಟ್ ಮಾಡೋ ಸೊಸೇರು ಎಲ್ಲವ್ರೆ ಈ ಕಾಲ್ದಲ್ಲಿ? ಒಳ್ಳೇವ್ಳು ಕಣವ್ವ ನೀನು," ಎಂದರು. ಶಿವಗಂಗಮ್ಮನನ್ನು ಆಮೇಲೆ ಯಾರೂ ಯಾವುದಕ್ಕೂ ಕರೆಯಲಿಲ್ಲ. ಮುಯ್ಯಿಗೂ ಕರೆಯಲಿಲ್ಲ.

ಮುಂದಿನ ಮುಂಗಾರಿನ ಹೊತ್ತಿಗೆ ಕೇಂದ್ರ ಏಳೂರಿಗಾಗಿ ಹೊಸ ಬೀಜ ತಯಾರಿಸಿತ್ತು. ಗಾಜಿನ ನಳಿಗೆಗಳಲ್ಲಿ ಗಿಡದ ಎಳೆಯ ತುದಿಯಿಂದ ಬೆಳೆಸಿ, ಎಕ್ಸ್ ಇಲ್ಲ, ವೈ ಇಲ್ಲ, ಕಾವಲು ಇಲ್ಲ ಎಂದು ಗೆಡ್ಡೆ ಗೆಡ್ಡೆಯನ್ನೂ ನೋಡಿ ಆರಿಸಿದ್ದು. ಹಂಚುವ ದಿನ ಬೆಳಿಗ್ಗೆ ಸುಗುಣ ಅಡುಗೆಮನೆಗೆ ಬಂದಳು. ಶಿವಗಂಗಮ್ಮ ರೊಟ್ಟಿ ತಟ್ಟುತ್ತಿದ್ದಳು.

"ಅತ್ತೆ, ಇವತ್ತು ಬನ್ನಿ. ಮೊದಲ ಗೆಡ್ಡೆ ನೀವು ಕೊಯ್ಯಿರಿ. ಚಾಕು ನಾನೇ ಕುದಿಸಿಟ್ಟಿದೀನಿ. ನೀವು ಕೊಯ್ದ ಬೀಜದಲ್ಲಿ ಬೆಳೆ ಬಂದರೆ ಎಲ್ಲರ ಬಾಯಿ ಮುಚ್ಚುತ್ತೆ."

ಶಿವಗಂಗಮ್ಮ ರೊಟ್ಟಿಯನ್ನು ಹೆಂಚಿಗೆ ಹಾಕಿ, ಮೇಲೆ ನೀರು ಸವರಿದಳು. "ನಾ ಮುಟ್ಟುದ್ರೆ ಆ ಬೀಜ ಯಾರ್ ತಗಂಡೋಯ್ತಾರೆ? ಅಲ್ಲೇ ಬಿದ್ದು ಕೊಳೀತದೆ. ನೀನು ಒಂದ್ ವರ್ಷ ಊಟ ನಿದ್ದೆ ಬುಟ್ಟು ಮಾಡಿದ್ದು."

"ಆದರೆ ಅದು ಸುಳ್ಳು ಅತ್ತೆ."

"ಸುಳ್ಳು ಅಂತ ನಿಂಗ್ ಗೊತ್ತು, ನಂಗ್ ಗೊತ್ತು." ಅವಳು ರೊಟ್ಟಿ ಮಗುಚಿ ಹಾಕಿದಳು. "ಹೋಗು, ಜನ ಕಾಯ್ತಾ ಇರ್ತಾರೆ."

ಕೇಂದ್ರದ ಅಂಗಳದಲ್ಲಿ ಏಳೂರಿನವರು ಟ್ರ್ಯಾಕ್ಟರು ಕಟ್ಟಿಕೊಂಡು ಬಂದಿದ್ದರು. ಚೀಲಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಯಾರೂ ಮುಂದೆ ಬರಲಿಲ್ಲ. ಒಬ್ಬರ ಹಿಂದೊಬ್ಬರು ನಿಂತು ಧರಣೇಂದ್ರಯ್ಯನವರನ್ನು ನೋಡುತ್ತಿದ್ದರು. ಅವರು ಸಂಕೋಚದಿಂದ ಸುಗುಣಳ ಹತ್ತಿರ ಬಂದು ದನಿ ತಗ್ಗಿಸಿದರು.

"ತಪ್ಪು ತಿಳ್ಕಬ್ಯಾಡಿ. ಜನ ಕೇಳು ಅಂತವ್ರೆ. ನಿಮ್ಮತ್ತೆ ಇಲ್ಲಿಗ್ ಬಂದಿರ್ನಿಲ್ಲ ತಾನೆ?"

"ಇಲ್ಲ," ಎಂದಳು ಸುಗುಣ.

"ಬೀಜ ಮುಟ್ಟಿಲ್ಲ ತಾನೆ?"

ಅರೀಫಾ ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದಳು.

"ಮುಟ್ಟಿಲ್ಲ," ಎಂದಳು ಸುಗುಣ, ಎಲ್ಲರಿಗೂ ಕೇಳುವಂತೆ.

ಆಗ ಜನ ಒಬ್ಬೊಬ್ಬರಾಗಿ ಮುಂದೆ ಬಂದು ಚೀಲಗಳನ್ನು ಹೊತ್ತುಕೊಂಡರು.